ಒಬ್ಬನೇ ಎಂದವರ ಪಾಠ

ಸೆಪ್ಟೆಂಬರ್ 24, ಬುಧವಾರ. ಮರ್ಫಿ, ಟೆಕ್ಸಾಸ್

ಇವತ್ತು ಐದನೆಯ ಪೀರಿಯಡ್ಡಿನಲ್ಲಿ ನಡೆದಂಥ ಪಾಠ ವರ್ಷಕ್ಕೆ ಒಂದು ಸಿಕ್ಕರೂ ಸಾಕು, ಉಳಿದ ದಿನಗಳ ಪೇಪರ್ ತಿದ್ದುವ ಕರ್ಮವನ್ನು ಹೇಗೋ ಸಹಿಸಿಕೊಳ್ಳಬಹುದು.

ಯುರೋಪಿನ ಧರ್ಮಸುಧಾರಣೆಯ ದೊಡ್ಡ ಹೆಸರುಗಳೆಲ್ಲ ಹೋದ ವಾರವೇ ಮುಗಿದಿದ್ದವು. ಹುಡುಗರು ಆಕಳಿಸುತ್ತಿದ್ದರು. ಆಗ ಶೆಲ್ಬಿ ಪ್ರೂಯಿಟ್ ಕೈಯೆತ್ತಿದಳು. ಶಾಲೆ ಶುರುವಾದಾಗಿನಿಂದ ಬಾಯಿ ಬಿಡದ ಹುಡುಗಿ. “ಮಿಸೆಸ್ ರಾವ್, ಎಲ್ಲರೂ ಪೋಪ್ ಜೊತೆ ಜಗಳ ಆಡಿದರು, ಸರಿ. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಅನ್ನೋದನ್ನ ಯಾರೂ ಪ್ರಶ್ನೆ ಮಾಡಲಿಲ್ವಾ?”

ಮಾಡಿದರು ಎಂದೆ. ಆಮೇಲೆ ನನ್ನನ್ನು ಹಿಡಿಯುವವರು ಯಾರು? ಸ್ಪೇನಿನ ವೈದ್ಯ ಸರ್ವೆಟಸ್‌ನಿಂದ ಶುರು ಮಾಡಿದೆ. ಬೈಬಲ್ಲನ್ನು ಎಷ್ಟು ಹುಡುಕಿದರೂ ‘ತ್ರಿಯೇಕ’ ಎಂಬ ಪದ ಅಲ್ಲಿ ಸಿಕ್ಕುವುದಿಲ್ಲ ಎಂದವನು. ಕ್ಯಾಥೊಲಿಕ್ಕರ ಸೆರೆಯಿಂದ ತಪ್ಪಿಸಿಕೊಂಡು ಬಂದವನನ್ನು 1553ರಲ್ಲಿ ಜಿನೀವಾದ ಸುಧಾರಕರೇ ಹಿಡಿದು ಸುಟ್ಟರು. ಅಲ್ಲಿಂದ ಇಟಲಿಯ ಸೊಜ್ಜೀನಿ ಮನೆತನಕ್ಕೆ ಬಂದೆ. ಚಿಕ್ಕಪ್ಪ ಗುಟ್ಟಾಗಿ ಯೋಚಿಸಿದ್ದನ್ನು ಅಣ್ಣನ ಮಗ ಪೋಲೆಂಡಿಗೆ ಹೋಗಿ ಬಹಿರಂಗವಾಗಿ ಹೇಳಿದ. ದೇವರು ಒಬ್ಬನೇ, ಅವನು ತಂದೆ, ಯೇಸು ಮನುಷ್ಯ, ಅವನನ್ನು ದೇವರು ಸಾವಿನಿಂದ ಎಬ್ಬಿಸಿ ಒಡೆಯನನ್ನಾಗಿ ಮಾಡಿದ. ಆದಾಮನ ಪಾಪ ಹುಟ್ಟುವ ಕೂಸಿಗೆ ಅಂಟುವುದಿಲ್ಲ. ನಂಬಿಕೆಯನ್ನು ಕತ್ತಿಯಿಂದ ಹೇರಬಾರದು. ಈ ಜನ ರಾಕುಫ್ ಎಂಬ ಪುಟ್ಟ ಊರಿನಲ್ಲಿ ಶಾಲೆ, ಅಚ್ಚುಕೂಟ ಎಲ್ಲ ಕಟ್ಟಿಕೊಂಡಿದ್ದರು. ಅತ್ತ ಟ್ರಾನ್ಸಿಲ್ವೇನಿಯಾದಲ್ಲಿ ಇದೇ ಮತದ ರಾಜನೊಬ್ಬ ಬೋಧಕರು ತಮಗೆ ತಿಳಿದಂತೆ ಬೋಧಿಸಲಿ, ಯಾರನ್ನೂ ಬಲವಂತ ಮಾಡಕೂಡದು ಎಂಬ ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದ.

ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಮೈಸೂರಿನಲ್ಲಿ ಲೆಕ್ಚರರ್ ಆಗಿದ್ದಾಗಲೂ ಹೀಗಾದದ್ದು ಕಡಿಮೆ.

ಸೆಪ್ಟೆಂಬರ್ 26, ಶುಕ್ರವಾರ

ಪ್ರಿನ್ಸಿಪಾಲ್ ಟಿಲ್ಮನ್ ಕರೆಸಿದರು. ದೂರು ಬಂದಿದೆಯಂತೆ. “ಹಿಂದೂ ಟೀಚರೊಬ್ಬರು ಯೇಸು ದೇವರಲ್ಲ ಎಂದು ನನ್ನ ಮಗಳಿಗೆ ಕಲಿಸಿದ್ದಾರೆ.” ಬರೆದದ್ದು ಶೆಲ್ಬಿಯ ತಾಯಿ.

ಪ್ರಶ್ನೆ ಕೇಳಿದ್ದು ನಿಮ್ಮ ವಿದ್ಯಾರ್ಥಿನಿ, ನಾನು ಹೇಳಿದ್ದು ನಾಲ್ಕುನೂರು ವರ್ಷದ ಹಿಂದೆ ಕೆಲವರು ನಂಬಿದ್ದನ್ನು, ಕಾಲೇಜು ಮಟ್ಟದ ಈ ಕೋರ್ಸಿನಲ್ಲಿ ಇಂಥದ್ದೂ ಬರುತ್ತದೆ ಎಂದೆ. ಟಿಲ್ಮನ್ ತುಂಬ ಸಭ್ಯ ಮನುಷ್ಯ. ನಗುತ್ತಲೇ ಒಂದು ಹಾಳೆ ಮುಂದಿಟ್ಟರು. ಸೋಮವಾರ ತರಗತಿಯಲ್ಲಿ ಓದಿಬಿಟ್ಟರೆ ಮುಗಿಯಿತಂತೆ. “ಕ್ರೈಸ್ತ ನಂಬಿಕೆಯನ್ನು ನಾನು ತಪ್ಪಾಗಿ ನಿರೂಪಿಸಿದೆ. ಅದಕ್ಕಾಗಿ ವಿಷಾದಿಸುತ್ತೇನೆ.”

“ತಪ್ಪಾಗಿ ಅಂದರೆ ಯಾವುದು ತಪ್ಪು? ಇಸವಿಯೋ, ಊರಿನ ಹೆಸರೋ?”

“ವಸುಧಾ, ಇದು ಅಷ್ಟು ದೊಡ್ಡ ವಿಷಯ ಅಲ್ಲ.”

ದೊಡ್ಡ ವಿಷಯ ಅಲ್ಲದಿದ್ದರೆ ನನ್ನಿಂದ ಯಾಕೆ ಓದಿಸಬೇಕು? ಈ ದೇಶಕ್ಕೆ ಬಂದು ಕೆಲಸದ ಪರ್ಮಿಟ್ ಇಲ್ಲದೆ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಕೂತಿದ್ದೆ. ಆಮೇಲೆ ಮತ್ತೆ ಪರೀಕ್ಷೆ ಬರೆದು ಈ ಕೆಲಸ ಹಿಡಿದದ್ದು ಆ ಹೆಂಗಸಿಗೆ ಏನು ಗೊತ್ತು?

ಸೆಪ್ಟೆಂಬರ್ 28, ಭಾನುವಾರ

ಗಂಡ ಗುರುರಾಜ್ ಜೊತೆ ಮಾತು ಬಿಟ್ಟಿದ್ದೇನೆ. ಬೆಳಿಗ್ಗೆ ದೋಸೆ ಹಾಕುವಾಗ ಅವರು ಹೇಳಿದ್ದು: “ನೋಡು ವಸು, ಓದಿಬಿಡು. ನಮ್ಮ ಆಫೀಸಲ್ಲಿ ದಿನಾ ಇಂಥ ಹತ್ತು ‘ಸಾರಿ’ ಹೇಳ್ತೀವಿ. ಯಾರೂ ನೆನಪಿಟ್ಕೊಳಲ್ಲ.”

“ನಿಮ್ಮದು ಸಾಫ್ಟ್‌ವೇರ್. ತಪ್ಪಾಗಿದ್ರೆ ಸರಿ ಮಾಡ್ಬಹುದು. ನಾನು ತಪ್ಪೇ ಮಾಡಿಲ್ಲ.”

“ಅವರ ದೇವರು ಒಬ್ಬನೋ ಮೂವರೋ, ನಿನಗ್ಯಾಕಮ್ಮ?”

ದೋಸೆ ಸೀದುಹೋಯಿತು.

ಅಕ್ಟೋಬರ್ 3, ಶುಕ್ರವಾರ

ಸೋಮವಾರ ಓದಲಿಲ್ಲ. ವಾಕ್ಯ ಬದಲಾಯಿಸಿ ಕಳಿಸಿದೆ: “ಕೆಲವು ಕ್ರೈಸ್ತರ ನಂಬಿಕೆಯನ್ನು ನಾನು ನಿರೂಪಿಸಿದೆ.” ಟಿಲ್ಮನ್ ‘ಕೆಲವು’ ತೆಗೆದು ವಾಪಸ್ ಕಳಿಸಿದರು. ನಾನು ‘ತಪ್ಪಾಗಿ’ ತೆಗೆದೆ. ಅವರು ಮತ್ತೆ ಸೇರಿಸಿದರು. ವಾರವಿಡೀ ಇದೇ ಆಟ.

ಸರ್ವೆಟಸ್‌ನನ್ನು ಸುಡಲು ಕರೆದೊಯ್ಯುವಾಗಲೂ ಹೀಗೇ ಆಗಿತ್ತು. ಯೇಸುವನ್ನು ‘ದೇವರ ನಿತ್ಯಪುತ್ರ’ ಅನ್ನು, ಬದುಕಿಕೊಳ್ಳುತ್ತೀಯ ಎಂದು ಪಕ್ಕದಲ್ಲಿ ನಡೆಯುತ್ತಿದ್ದವನು ಗೋಗರೆದ. ಅವನು ಬೆಂಕಿಯೊಳಗಿಂದಲೂ ‘ನಿತ್ಯದೇವರ ಪುತ್ರ’ ಎಂದೇ ಕೂಗಿದನಂತೆ. ಒಂದು ಪದ ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಜೀವ ಹೋಯಿತು.

ನನ್ನನ್ನು ಯಾರೂ ಸುಡುವುದಿಲ್ಲ, ಗೊತ್ತು. ಆದರೂ ಸಿಟ್ಟು ಇಳಿಯುತ್ತಿಲ್ಲ. ಶೆಲ್ಬಿಯನ್ನು ಅವಳ ತಾಯಿ ನನ್ನ ಪೀರಿಯಡ್ಡಿನಿಂದ ಬಿಡಿಸಿ ಲೈಬ್ರರಿಯಲ್ಲಿ ಕೂರಿಸುವಂತೆ ಮಾಡಿದ್ದಾಳೆ.

ಅಕ್ಟೋಬರ್ 5, ಭಾನುವಾರ. ಆಸ್ಟಿನ್

ಮಗಳು ಅನನ್ಯಾಳನ್ನು ನೋಡಲು ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಬಂದೆ. ಯೂನಿವರ್ಸಿಟಿ ಹತ್ತಿರದ ಕೆಫೆಯಲ್ಲಿ ಕೂತು ಎಲ್ಲ ಹೇಳಿದೆ. ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಮಾತಾಡಿದಳು ಕೂಡ.

“ಅಮ್ಮ, ಯು ಆರ್ ಟೋಟಲಿ ರೈಟ್. ಬಟ್ ಡಿಡ್ ಎನಿವನ್ ಟಾಕ್ ಟು ಶೆಲ್ಬಿ?”

“ಅವಳ ಜೊತೆ ಮಾತಾಡೋಕೆ ಏನಿದೆ? ದೂರು ಕೊಟ್ಟಿದ್ದು ಅವಳ ಅಮ್ಮ.”

“ಶಿ ಇಸ್ ದ ಒನ್ ಸಿಟ್ಟಿಂಗ್ ಇನ್ ದ ಲೈಬ್ರರಿ, ಅಮ್ಮ.”

ಈ ವಯಸ್ಸಿನ ಮಕ್ಕಳಿಗೆ ಎಲ್ಲವೂ ಸುಲಭ.

ಅಕ್ಟೋಬರ್ 7, ಮಂಗಳವಾರ

ಲೈಬ್ರರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಕಿಟಕಿ ಪಕ್ಕ ಶೆಲ್ಬಿ ಇದ್ದಳು. ಪಾಠದ ನೋಟ್ಸ್ ಕೊಟ್ಟೆ.

“ನಾನು ಅದನ್ನ ಕೇಳಬಾರದಿತ್ತು,” ಎಂದಳು. “ಅಮ್ಮ ಈಗಲೂ ಅಳ್ತಾಳೆ.”

“ಕೇಳಿದ್ದು ತಪ್ಪಲ್ಲ ಶೆಲ್ಬಿ. ಪ್ರಶ್ನೆ ತುಂಬ ಒಳ್ಳೇದಿತ್ತು.”

ನೋಟ್ಸಿನ ಅಂಚನ್ನು ಮಡಚುತ್ತಾ, “ಉತ್ತರ ಹೇಳುವಾಗ ನೀವು ತುಂಬ ಖುಷಿಯಾಗಿದ್ರಿ,” ಎಂದಳು.

ಖುಷಿಯಾಗಿದ್ದರೆ ಏನು? ಪಾಠ ಮಾಡುವವರು ಮುಖ ಗಂಟು ಹಾಕಿಕೊಂಡು ಮಾಡಬೇಕೇ? ಆ ಮಾತು ಯಾಕೋ ಸಂಜೆಯವರೆಗೂ ಚುಚ್ಚುತ್ತಿತ್ತು.

ಅಕ್ಟೋಬರ್ 11, ಶನಿವಾರ. ಹ್ಯೂಸ್ಟನ್

ಅಹಲ್ಯಾ ಆಂಟಿಯ ಮನೆಯಲ್ಲಿ ಊಟ. ಧಾರವಾಡದವರು. ಇಲ್ಲಿ ಮಕ್ಕಳ ಡಾಕ್ಟರಾಗಿದ್ದು ಈಗ ರಿಟೈರ್ ಆಗಿದ್ದಾರೆ. ಅವರಾದರೂ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಆಸೆಯಿತ್ತು.

“ಅಷ್ಟs ಏನು? ಓದಿ ಬಿಡವಾ,” ಎಂದರು, ಎಣ್ಣೆಗಾಯಿ ಬಡಿಸುತ್ತಾ. “ನಾ ಎಷ್ಟು ಸಲ ತಾಯಂದಿರ ಮುಂದ ಸಾರಿ ಅಂದೇನಿ. ನನ್ನ ತಪ್ಪಿರಲಿ, ಇರದs ಇರಲಿ.”

“ಆಂಟಿ, ನಿಮ್ಮ ಔಷಧಿ ಸುಳ್ಳು ಅಂತ ಯಾರೂ ಬರೆಸಿಕೊಂಡಿರಲಿಲ್ಲ.”

“ಅದೂ ಖರೇನs.” ಆಂಟಿ ತಟ್ಟೆಗೆ ಇನ್ನೊಂದು ಎಣ್ಣೆಗಾಯಿ ಹಾಕಿದರು. “ಆ ತಾಯಿ ಯಾಕ ಸಿಟ್ಟಾಗ್ಯಾಳ, ಕೇಳೀಯೇನು?”

“ಧರ್ಮಾಂಧಳು ಆಂಟಿ. ಅದರಲ್ಲಿ ಕೇಳೋದೇನಿದೆ?”

“ಕೂಸು ಅಳಾಕ ಹತ್ತಿದರ ಹೊಟ್ಟಿನೂ ನೋಡಬೇಕು, ಕಿವಿನೂ ನೋಡಬೇಕು.” ಹಾಗೆಂದು ಮೊಸರು ತರಲು ಒಳಗೆ ಹೋದರು.

ಮೂವರು ಮೂರು ಊರಿನಲ್ಲಿ ಕೂತು ನನಗೇ ಬುದ್ಧಿ ಹೇಳುತ್ತಿದ್ದಾರೆ.

ಅಕ್ಟೋಬರ್ 18, ಶನಿವಾರ

ಕನ್ನಡದವರ ದೀಪಾವಳಿ ಕಾರ್ಯಕ್ರಮ. ಹೋಗಬಾರದಿತ್ತು. ಗುರುರಾಜ್ ಯಾರಿಗೋ ವಿಷಯ ಹೇಳಿದ್ದಾರೆ. ಇಲ್ಲೇ ಹತ್ತಿರದ ಲಿಟಲ್ ಎಲ್ಮ್ ಊರಿನ ದುಷ್ಯಂತ್ ಊಟದ ಸಾಲಿನಲ್ಲಿ ನನ್ನನ್ನು ಹಿಡಿದುಕೊಂಡ. ಯಾವುದೋ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವವನು, ವೇದಿಕೆ ಕಂಡರೆ ಬಿಡದವನು.

“ಮೇಡಂ, ಸೂಪರ್! ಅವರ ದೇವರ ಬಗ್ಗೆ ಅವರ ಸ್ಕೂಲಲ್ಲೇ ನಿಂತು ಸರಿಯಾಗಿ ಕೊಟ್ರಂತೆ!”

“ನಾನು ಯಾರಿಗೂ ಏನೂ ಕೊಟ್ಟಿಲ್ಲ. ಇತಿಹಾಸ ಪಾಠ ಮಾಡಿದೆ.”

“ಅದೇ ಮೇಡಂ, ಅವರ ಬುಡ ಅಲ್ಲಾಡಿಸಿದ್ರಿ. ನಾವೆಲ್ಲ ನಿಮ್ಮ ಹಿಂದೆ ಇದೀವಿ.”

“ದೇವರು ಒಬ್ಬನೇ ಅಂದವರೂ ಕ್ರೈಸ್ತರೇ ದುಷ್ಯಂತ್. ದೇವರನ್ನ ಕಡಿಮೆ ನಂಬಿದವರಲ್ಲ, ಜಾಸ್ತಿ ನಂಬಿದವರು. ಪ್ರಾಣ ಕೊಟ್ಟು ನಂಬಿದವರು.”

ಅವನಿಗೆ ಕೇಳಿಸಲೇ ಇಲ್ಲ. ನನ್ನ ಜೊತೆ ಸೆಲ್ಫಿ ತೆಗೆದುಕೊಂಡು ಒಬ್ಬಟ್ಟಿನ ಕಡೆ ಹೋದ. ದೂರು ಕೊಟ್ಟವರಿಗಿಂತ ಈ ಬೆನ್ನು ತಟ್ಟುವವರೇ ಅಸಹ್ಯ.

ಅಕ್ಟೋಬರ್ 21, ಮಂಗಳವಾರ

ಆ ಸೆಲ್ಫಿ ಈಗ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. “ಸತ್ಯ ಹೇಳಿದ ಹಿಂದೂ ಶಿಕ್ಷಕಿಗೆ ಟೆಕ್ಸಾಸಿನಲ್ಲಿ ಕಿರುಕುಳ.” ಫೇಸ್‌ಬುಕ್ಕಿಗೂ ಹಾಕಿದ್ದಾನೆ. ತೆಗಿ ಎಂದು ಮೆಸೇಜ್ ಮಾಡಿದೆ. ಕೈಮುಗಿಯುವ ಚಿತ್ರ ಕಳಿಸಿದ.

ಅಕ್ಟೋಬರ್ 25, ಶನಿವಾರ

ನಿನ್ನೆ ನಡೆದದ್ದನ್ನು ಬರೆಯಬೇಕು. 

ಶುಕ್ರವಾರದ ಫುಟ್‌ಬಾಲ್ ಪಂದ್ಯಕ್ಕೆ ನನಗೆ ಗೇಟ್ ಡ್ಯೂಟಿ ಇತ್ತು. ಮಧ್ಯೆ ಕಾಫಿ ತರಲು ಶಾಲೆಯ ಬ್ಯಾಂಡ್ ಮಕ್ಕಳ ಪೋಷಕರು ನಡೆಸುವ ಅಂಗಡಿಗೆ ಹೋದೆ. ಕಪ್ ಕೊಟ್ಟ ಹೆಂಗಸಿನ ಎದೆಯ ಮೇಲೆ ಬ್ಯಾಡ್ಜ್: ಡಿ. ಪ್ರೂಯಿಟ್. ಅವರೂ ನನ್ನ ಶಾಲೆಯ ಬ್ಯಾಡ್ಜ್ ಓದಿದರು.

“ನೀವೇ ಅಲ್ವಾ.”

“ನಾನೇ.”

ಅವರು ಪಕ್ಕದವಳಿಗೆ ಗಲ್ಲಾ ಒಪ್ಪಿಸಿ ಹೊರಗೆ ಬಂದರು. ಅಂಗಡಿಯ ಹಿಂದೆ ಸೋಡಾ ಕ್ರೇಟುಗಳ ನಡುವೆ ನಿಂತೆವು. ನಾನು ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ಅವರು ಫೋನಿನಲ್ಲಿ ತಮ್ಮ ಫೇಸ್‌ಬುಕ್ ತೆಗೆದು ಒಂದು ಫೋಟೋ ತೋರಿಸಿದರು. ಒಬ್ಬ ಹುಡುಗ, ಪಿಕಪ್ ಟ್ರಕ್ಕಿನ ಮೇಲೆ ಕೂತು ನಗುತ್ತಿದ್ದಾನೆ. ಶೆಲ್ಬಿಯದೇ ಕಣ್ಣು.

“ನನ್ನ ಮಗ. ಎರಡು ವರ್ಷದ ಹಿಂದೆ ಹೈವೇಯಲ್ಲಿ ತೀರಿಕೊಂಡ. ಈ ವಾರ ಇದರ ಕೆಳಗೆ ಯಾರು ಯಾರೋ ಬಂದು ಬರೆದಿದ್ದಾರೆ. ನಿಮ್ಮ ಜನ. ಓದಿ.”

ಓದಿದೆ. ಇಲ್ಲಿ ಬರೆಯಲಾರೆ. ದುಷ್ಯಂತ್ ಹಾಕಿದ್ದನ್ನು ಹಿಡಿದುಕೊಂಡು ಯಾರೋ ಇವರ ಹೆಸರನ್ನು ಹುಡುಕಿ ತೆಗೆದಿದ್ದಾರೆ.

“ನಾನು ಬರೆಸಿದ್ದಲ್ಲ,” ಎಂದೆ. ನನಗೇ ಆ ಮಾತು ತೀರ ಸಣ್ಣದೆನ್ನಿಸಿತು.

“ಇರಬಹುದು.” ಅವರ ದನಿ ಏರಲಿಲ್ಲ. “ಆವತ್ತು ಊಟದ ಪ್ರಾರ್ಥನೆ ಹೇಳುವಾಗ ಶೆಲ್ಬಿ ನಿಲ್ಲಿಸಿದಳು. ಯೇಸು ಬರೀ ಮನುಷ್ಯ ಆಗಿದ್ದರೆ, ನಾವು ಅಣ್ಣನನ್ನ ಯಾರ ಕೈಗೆ ಒಪ್ಪಿಸಿದ್ದು ಅಂತ ಕೇಳಿದಳು. ಅವನ ಕುರ್ಚಿ ಅಲ್ಲೇ ಇದೆ, ಇನ್ನೂ ತೆಗೆದಿಲ್ಲ. ಅದರ ಮುಂದೆ ಕೇಳಿದಳು.”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ರಾಕುಫ್‌ನವರೂ ಯೇಸುವಿಗೆ ಪ್ರಾರ್ಥನೆ ಮಾಡುತ್ತಿದ್ದರು. ಸತ್ತವರನ್ನು ಎಬ್ಬಿಸುವ ಅಧಿಕಾರವನ್ನು ದೇವರೇ ಅವನಿಗೆ ಕೊಟ್ಟಿದ್ದಾನೆ ಎಂದು ನಂಬಿದ್ದರು. ಸರಿಯಾದ ಉತ್ತರ. ಹೇಳಲಿಲ್ಲ. ಬ್ಯಾಂಡಿನ ಸದ್ದು ಜಾಸ್ತಿಯಾಗಿತ್ತು, ಅದಕ್ಕೇ ಇರಬೇಕು.

ಹೊರಡುವಾಗ ಮಿಸೆಸ್ ಪ್ರೂಯಿಟ್ ಇನ್ನೊಂದು ಮಾತು ಹೇಳಿದರು: “ನೀವು ತರಗತಿಯ ಮುಂದೆ ನಿಂತು ಏನನ್ನೋ ಓದಬೇಕಂತೆ. ಅದು ಬೇಕು ಅಂತ ನಾನು ಕೇಳಿರಲಿಲ್ಲ. ನನ್ನ ಮಗಳ ಹತ್ತಿರ ಏನು ಮಾತಾಡಿದಿರಿ ಅಂತ ತಿಳೀಬೇಕಿತ್ತು, ಅಷ್ಟೆ.”

ಕಾಫಿಯನ್ನು ಅಲ್ಲೇ ಕ್ರೇಟಿನ ಮೇಲೆ ಬಿಟ್ಟು ಬಂದಿದ್ದೇನೆ.

ಅಕ್ಟೋಬರ್ 26, ಭಾನುವಾರ

ಬೆಳಿಗ್ಗೆ ಎದ್ದವಳೇ ಲಿಟಲ್ ಎಲ್ಮ್‌ಗೆ ಹೊರಟೆ. ಗುರುರಾಜ್ ಕಾರಿನ ಕೀ ತೆಗೆದುಕೊಂಡು ಜೊತೆಗೆ ಬಂದರು.

ದುಷ್ಯಂತ್ ಬಾಗಿಲು ತೆಗೆದು, “ಬನ್ನಿ ಬನ್ನಿ ಮೇಡಂ, ಕಾಫಿ?” ಎಂದ. ಪೋಸ್ಟ್ ತೆಗಿ ಎಂದೆ. ಇಷ್ಟು ಜನ ಲೈಕ್ ಮಾಡಿದ್ದಾರೆ, ನಮ್ಮವರಿಗೆ ಧೈರ್ಯ ಬಂದಿದೆ ಎಂದೆಲ್ಲ ಶುರು ಮಾಡಿದ. ಆ ತಾಯಿ ಹಾಕಿದ ಮಗನ ಫೋಟೋದ ಕೆಳಗೆ ನಿಮ್ಮವರು ಬರೆದದ್ದನ್ನು ಗಟ್ಟಿಯಾಗಿ ಓದು, ನಿಮ್ಮ ಅಮ್ಮನೂ ಕೇಳಲಿ ಎಂದೆ. ಒಳಗೆ ಅವನ ಅಮ್ಮ ಸೋಫಾದ ಮೇಲೆ ಕೂತು ಹೂ ಕಟ್ಟುತ್ತಿದ್ದರು.

“ಅದು ನಾನು ಬರೆದಿದ್ದಲ್ಲ ಮೇಡಂ.”

“ನಾನೂ ಹಾಗೇ ಅಂದೆ. ಯಾರೂ ಬರೆದಿಲ್ಲ. ಆದರೆ ಅಲ್ಲಿದೆ.”

ಗುರುರಾಜ್ ಮೆಲ್ಲಗೆ, “ದುಷ್ಯಂತ್, ತೆಗೀರಿ. ನಾವು ಅಲ್ಲೀತನಕ ಇಲ್ಲೇ ನಿಂತಿರ್ತೀವಿ,” ಎಂದರು. ತೆಗೆದ. ಬರೆದವರಿಗೆಲ್ಲ ಹೇಳಿ ಅಳಿಸಿಸುವುದಾಗಿಯೂ ಒಪ್ಪಿದ. ಎಷ್ಟು ಅಳಿಸಿಹೋಗುತ್ತದೋ.

ನವೆಂಬರ್ 4, ಮಂಗಳವಾರ

ಮಿಸೆಸ್ ಪ್ರೂಯಿಟ್ ದೂರು ವಾಪಸ್ ತೆಗೆದುಕೊಂಡಿದ್ದಾರೆ. ಮುಗಿಯಿತು ಎಂದುಕೊಂಡು ಟಿಲ್ಮನ್ ಆಫೀಸಿಗೆ ಹೋದೆ.

ಮುಗಿದಿಲ್ಲವಂತೆ! ದೂರು ಒಂದು ಸಲ ಮೇಲಿನ ಆಫೀಸಿಗೆ ಹೋದ ಮೇಲೆ ಅದಕ್ಕೊಂದು ಪ್ರಕ್ರಿಯೆ ಇದೆಯಂತೆ. ಕೊಟ್ಟವರು ತೆಗೆದುಕೊಂಡರೂ ಪ್ರಕ್ರಿಯೆ ನಿಲ್ಲುವುದಿಲ್ಲವಂತೆ. ಹೇಳಿಕೆ ಓದಲೇಬೇಕು.

“ಯಾರ ಸಮಾಧಾನಕ್ಕೆ?” ಎಂದೆ.

ಟಿಲ್ಮನ್ ಪೆನ್ನಿನ ಮುಚ್ಚಳ ತಿರುವತೊಡಗಿದರು.  ಪಾಪ, ಅವರಿಗೂ ಮೇಲಿನವರಿದ್ದಾರೆ.

“ನಾನು ಓದಲ್ಲ ಮಿಸ್ಟರ್ ಟಿಲ್ಮನ್. ನಾನು ಹೇಳಿದ್ದು ನಿಜ. ಅದನ್ನು ತಪ್ಪು ಅಂದರೆ ನಾಳೆ ಆ ಮಕ್ಕಳಿಗೆ ನಾನು ಹೇಳುವ ಯಾವ ಇಸವಿಯೂ ನಿಜ ಅಲ್ಲ. ನಿಜವನ್ನ ಹೇಗೆ ಹೇಳಿದೆ ಅಂತ ಕೇಳಿದರೆ, ಅದು ಬೇರೆ ಮಾತು. ಅದನ್ನು ನಾನು ಶೆಲ್ಬಿಗೆ ಹೇಳ್ತೀನಿ.”

ಜನವರಿಯಿಂದ ಯುರೋಪಿನ ಇತಿಹಾಸದ ಕ್ಲಾಸು ಬೇರೆಯವರಿಗೆ. ನನಗೆ ಒಂಬತ್ತನೆಯ ತರಗತಿಯ ಭೂಗೋಳ. ಕೆಲಸ ಉಳಿಯಿತು, ಅದಕ್ಕೆ ಕೃತಜ್ಞಳಾಗಿರಬೇಕೆಂದು ಅವರ ಮುಖ ಹೇಳುತ್ತಿತ್ತು. ಕಾರಿನಲ್ಲಿ ಕೂತು ಚೆನ್ನಾಗಿ ಅತ್ತೆ.

ಗುರುರಾಜ್ ಮನೆಯಲ್ಲಿ ಕೇಳಿ, “ನದಿ, ಬೆಟ್ಟ. ಯಾರೂ ದೂರು ಕೊಡಲ್ಲ,” ಎಂದರು. ನಗು ಬರಲಿಲ್ಲ. ಅವರಿಗೂ ಬಂದಿರಲಿಲ್ಲ.

ನವೆಂಬರ್ 6, ಗುರುವಾರ

ಲೈಬ್ರರಿಗೆ ಹೋಗಿ ಶೆಲ್ಬಿಗೆ ಹೇಳಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದು ಬೇಡ. ಸೋಮವಾರದಿಂದ ಕ್ಲಾಸಿಗೆ ಬರುತ್ತಾಳಂತೆ. ತಾಯಿಯೂ ಒಂದು ದಿನ ಬಂದು ಕೂರಬಹುದೇ ಎಂದು ಕೇಳಿದಳು. ಬರಲಿ ಎಂದೆ.

ನವೆಂಬರ್ 20, ಗುರುವಾರ

ಶೆಲ್ಬಿಯ ತಾಯಿ ಡಾರ್ಲೀನ್ ಇವತ್ತು ಬಂದಿದ್ದರು. ಹಿಂದಿನ ಸಾಲಿನಲ್ಲಿ, ಚರ್ಚಿಗೆ ಹೋಗುವವರ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಶೆಲ್ಬಿ ತಿರುಗಿ ನೋಡಲೇ ಇಲ್ಲ. ಆ ವಯಸ್ಸಿನಲ್ಲಿ ಯಾರು ನೋಡುತ್ತಾರೆ?

ಪಾಠ ಹದಿನೇಳನೆಯ ಶತಮಾನದ ಪೋಲೆಂಡ್. ರಾಕುಫ್ ಶಾಲೆಯ ಕೆಲವು ಹುಡುಗರು ರಸ್ತೆ ಬದಿಯ ಶಿಲುಬೆಗೆ ಕಲ್ಲು ಹೊಡೆದದ್ದು, ಅದೇ ನೆಪವಾಗಿ ಶಾಲೆ ಮುಚ್ಚಿಸಿದ್ದು. ಆ ಶಿಲುಬೆಯ ಮುಂದೆ ದಿನಾ ಮೊಣಕಾಲೂರುತ್ತಿದ್ದವರಿಗೆ ಹೇಗಾಗಿರಬಹುದು ಎಂದು ಮಕ್ಕಳನ್ನು ಕೇಳಿದೆ. ಹಿಂದೆಂದೂ ಈ ಪ್ರಶ್ನೆ ಕೇಳಿರಲಿಲ್ಲ, ಪಠ್ಯದಲ್ಲಿ ಇಲ್ಲ. ಆಮೇಲೆ ಅದಕ್ಕೂ ಮುಂಚಿನದು, ಪೋಲೆಂಡಿಗೆ ಬಂದ ಆ ಸೊಜ್ಜೀನಿಯ ಕಥೆ. ಕ್ರಾಕುಫ್ ನಗರದಲ್ಲಿ ಕಾಯಿಲೆ ಮಲಗಿದ್ದವನನ್ನು ವಿದ್ಯಾರ್ಥಿಗಳ ಗುಂಪು ಬೀದಿಗೆ ಎಳೆದು ತಂದು ಅವನ ಬರಹಗಳನ್ನು ಸುಟ್ಟಿತು. ಅವನ ಒಂದು ಮಾತನ್ನೂ ಒಪ್ಪದ ಕ್ಯಾಥೊಲಿಕ್ ಪ್ರೊಫೆಸರೊಬ್ಬರು ಅವನನ್ನು ಆ ಗುಂಪಿನಿಂದ ಉಳಿಸಿದರು. ಕೊನೆಗೆ 1658ರ ಆಜ್ಞೆ: ಮತ ಬದಲಿಸಿ, ಇಲ್ಲವೇ ದೇಶ ಬಿಡಿ. ಕೆಲವರು ಬದಲಿಸಿದರು. ಕೆಲವರು ಗಾಡಿ ಕಟ್ಟಿಕೊಂಡು ಟ್ರಾನ್ಸಿಲ್ವೇನಿಯಾ, ಪ್ರಷ್ಯಾ, ಹಾಲೆಂಡ್ ಕಡೆ ಹೋದರು. ಇಬ್ಬರಲ್ಲಿ ಯಾರನ್ನೂ ಹೇಡಿ ಎನ್ನಲಿಲ್ಲ, ವೀರ ಎಂದೂ ಅನ್ನಲಿಲ್ಲ. ನಿಧಾನವಾಗಿ ಹೇಳಿದೆ.

ಪ್ರಶ್ನೆ ಇದೆಯೇ ಎಂದಾಗ ಹಿಂದಿನ ಸಾಲಿನಲ್ಲಿ ಕೈ ಮೇಲೆದ್ದಿತು. ಮಕ್ಕಳೆಲ್ಲ ತಿರುಗಿದರು.

“ನಾನು ಕೇಳಬಹುದಾ?” ಡಾರ್ಲೀನ್ ಎದ್ದು ನಿಂತಿದ್ದರು. “ಊರು ಬಿಟ್ಟು ಹೋದವರಿದ್ದಾರಲ್ಲ. ಅವರ ಮಕ್ಕಳು ಕೆಲವರು ಅಲ್ಲೇ ಮಣ್ಣಾಗಿದ್ದಿರಬೇಕು. ಆ ಗೋರಿಗಳನ್ನ ಆಮೇಲೆ ಯಾರು ನೋಡಿಕೊಂಡರು?”

ತರಗತಿ ನನ್ನ ಮುಖ ನೋಡಿತು.

“ಗೊತ್ತಿಲ್ಲ,” ಎಂದೆ.

ಅವರು ತಲೆಯಾಡಿಸಿ ಕೂತರು. ಬೆಲ್ ಹೊಡೆಯಿತು. ಬಾಗಿಲ ಬಳಿ ನನ್ನ ಕೈ ಹಿಡಿದುಕೊಂಡು, “ಅವರು ಹೇಳಿದ್ದನ್ನ ನಾನು ಒಪ್ಪಲ್ಲ, ತಿಳೀತಾ,” ಎಂದರು. ತಿಳಿದಿದೆ ಎಂದೆ. ಶೆಲ್ಬಿ ತಾಯಿಯ ಕೈಚೀಲ ಹಿಡಿದುಕೊಂಡು ಕಾಯುತ್ತಿದ್ದಳು.

ಮನೆಗೆ ಬಂದವಳು ಅಡುಗೆಗೂ ಏಳದೆ ಹುಡುಕುತ್ತಾ ಕೂತೆ. ಹೋದವರು ಯಾವ ದಾರಿಯಲ್ಲಿ ಹೋದರು, ಎಲ್ಲಿ ದರೋಡೆಯಾಯಿತು, ಎಲ್ಲಿ ನೆಲೆಸಿದರು ಎಂಬುದಕ್ಕೆ ಪುಟಗಟ್ಟಲೆ ಇದೆ. ಬಿಟ್ಟು ಹೋದ ಗೋರಿಗಳ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಇಷ್ಟು ವರ್ಷ ಇದನ್ನೇ ಓದಿದ್ದೇನೆ. ಇದು ಹೇಗೆ ತಪ್ಪಿಹೋಯಿತೋ.

ಗುರುರಾಜ್ ಅನ್ನಕ್ಕಿಟ್ಟು ಬಂದು, “ಏನು ಹುಡುಕ್ತಿದೀಯಾ?” ಎಂದರು. ಹೇಳಿದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡಿದರು.

“ಪೋಲಿಷ್ ಭಾಷೆಯಲ್ಲಿ ಹುಡುಕಿದ್ಯಾ?”

ಹುಡುಕಿರಲಿಲ್ಲ.